ಸೆಟ್ ಆತೇನ್ರಿ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಮುಂಜಾನೆ ಹತ್ತರ ಹೊತ್ತಿಗೆ ಚಹಾದಂಗಡಿ ಮುಂದೆ ನಿಂತರೆ ಸಾಕು, "ಸೆಟ್ ಆತೇನ್ರಿ?" ಎಂಬ ಪ್ರಶ್ನೆ ಮೂರು ಕಡೆಯಿಂದಾದರೂ ಕಿವಿಗೆ ಬೀಳುತ್ತದೆ. ಒಬ್ಬರ ಮಗಳ ಲಗ್ನದ ಮಾತುಕತೆ ನಡೆದಿದೆ. ಇನ್ನೊಬ್ಬರು ನಿನ್ನೆ ಮನೆಗೆ ಸ್ಲ್ಯಾಬ್ ಹಾಕಿಸಿದ್ದಾರೆ. ಮತ್ತೊಬ್ಬರಿಗೆ ಹೊಸ ಹಲ್ಲಿನ ಸೆಟ್ಟು ಬಾಯಿಗೆ ಒಗ್ಗುತ್ತಿಲ್ಲ. ಮೂವರಿಗೂ ಸಿಗುವ ಉತ್ತರ ಒಂದೇ: "ಎರಡು ದಿನ ತಡೀರಿ, ಆಗ್ತದ." ಹಲ್ಲಿನ ವಿಷಯದಲ್ಲಿ ಈ ಉತ್ತರ ಸರಿಯಿರಬಹುದು. ಲಗ್ನದ ವಿಷಯ ಗುರುಹಿರಿಯರಿಗೆ ಬಿಟ್ಟದ್ದು. ಸ್ಲ್ಯಾಬಿನ ವಿಷಯದಲ್ಲಿ ಮಾತ್ರ ಇದನ್ನು ನಂಬಿದವರ ತಲೆಯ ಮೇಲೇ ಬೀಳುತ್ತದೆ.

ಇಷ್ಟು ಕೆಲಸಕ್ಕೆ ಒಂದೇ ಪದ ದುಡಿಯುವುದು ನಮ್ಮೂರಿನ ಉದಾಸೀನವಲ್ಲ, ಆ ಪದದ ಹುಟ್ಟುಗುಣ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ 'ಸೆಟ್' ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು. ವಿವರಣೆಗೇ 60,000 ಶಬ್ದ ಹಿಡಿದಿತ್ತು. ಆಮೇಲಿನ ಪರಿಷ್ಕರಣೆಯಲ್ಲಿ 'ರನ್' 645 ಅರ್ಥ ಹೊತ್ತು ಬಂದು ಇದನ್ನು ಹಿಂದೆ ಹಾಕಿತು. ಒಂದು ಓಡುವ ಪದ, ಇನ್ನೊಂದು ಕೂಡುವ ಪದ. ಪಂದ್ಯದ ಫಲಿತಾಂಶ ಮೊದಲೇ ಗೊತ್ತಿರಬೇಕಿತ್ತು.

ಕೂಡುವ ಪದ ಅಂದದ್ದು ಸುಮ್ಮನೆ ಅಲ್ಲ. ಈ 'ಸೆಟ್'ಗೆ ಇಬ್ಬರು ಅಪ್ಪಂದಿರು. ಕ್ರಿಯಾಪದ ಬಂದದ್ದು ಹಳೆಯ ಇಂಗ್ಲಿಷಿನ 'ಸೆಟ್ಟನ್'ನಿಂದ. ಅದರ ಅರ್ಥ ಕೂರುವಂತೆ ಮಾಡು. ಕಪ್ಪು-ಬಸಿಯ ಸೆಟ್ಟು, ಒಡವೆಯ ಸೆಟ್ಟು ಎನ್ನುವಾಗಿನ ಗುಂಪಿನ ಅರ್ಥ ಲ್ಯಾಟಿನ್ನಿನ 'ಸೆಕ್ತಾ'ದಿಂದ ಫ್ರೆಂಚಿನ ಹಾದಿ ಹಿಡಿದು ಬಂತು. ಅದರ ಅರ್ಥ ಅನುಯಾಯಿಗಳ ಗುಂಪು. ಇಂಗ್ಲಿಷಿನಲ್ಲಿ ಎರಡೂ ಒಂದೇ ರೂಪಕ್ಕೆ ಬಂದು ಬೆರೆತವು.

ಇದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕು. ಕಲಬುರಗಿಯವರಿಗೆ ಬೇಡ, ಯಾಕೆಂದರೆ ನಮ್ಮ 'ಕೂಡ್ಸು' ಸಾವಿರಾರು ಮೈಲಿ ಆಚೆ ಅದೇ ಆಟ ಆಡಿದೆ. "ಬರ್ರಿ, ಕೂಡ್ರಿ" ಎಂದರೆ ಕುಳಿತುಕೊಳ್ಳಿ. "ಲೆಕ್ಕ ಕೂಡ್ಸು" ಎಂದರೆ ಒಟ್ಟು ಮಾಡು. ಬಾಗಿಲ ಚೌಕಟ್ಟು ಕೂಡ್ಸ್ತಾರ, ಮೋಟರ್ ಕೂಡ್ಸ್ತಾರ, ಮಂದಿ ಕೂಡ್ಸಿ ಪಂಚಾಯ್ತಿ ಮಾಡ್ತಾರ. ಭಾದ್ರಪದ ಬಂತೆಂದರೆ ಓಣಿಗೊಂದು ಗಣಪತಿ ಕೂಡ್ಸ್ತಾರ. ಈ ಕೊನೆಯದನ್ನು ತುಸು ನಿಂತು ನೋಡಬೇಕು. ಗಣಿತ ಪುಸ್ತಕದಲ್ಲಿ 'ಸೆಟ್'ಗೆ ಕನ್ನಡ 'ಗಣ'. ಅಂದಮೇಲೆ ಗಣಪತಿ ಸೆಟ್ಟುಗಳ ಒಡೆಯ. ಅವನನ್ನು ಕೂಡ್ಸುವುದೆಂದರೆ ಸೆಟ್ಟಿನ ಒಡೆಯನನ್ನೇ ಸೆಟ್ ಮಾಡಿದಂತೆ. ಅದೇ ಪುಸ್ತಕದ ಪ್ರಕಾರ ಗಣದಲ್ಲಿ ಒಂದೇ ಅಂಶವನ್ನು ಮೂರು ಸಲ ಬರೆದರೂ ಲೆಕ್ಕಕ್ಕೆ ಒಂದೇ. ಸೆಟ್ ದೋಸೆ ತಿಂದ ಮೇಲೆ ಈ ನಿಯಮ ಹೇಳಿ ಒಂದೇ ದೋಸೆಯ ದುಡ್ಡು ಕೊಡಲು ಹೋಗಬಾರದು. ಗಲ್ಲೆಯ ಮೇಲೆ ಕೂತವರ ಗಣಿತವೇ ಬೇರೆ.

ಇನ್ನು ಸ್ಲ್ಯಾಬಿಗೆ ಬರೋಣ. ವಾಡಿ, ಸೇಡಂ, ಮಳಖೇಡ, ಶಹಾಬಾದ ಇರುವ ಈ ಸುಣ್ಣದಕಲ್ಲಿನ ಸೀಮೆಯಲ್ಲಿ ಹೆಚ್ಚು ಅನಾಹುತ ಮಾಡುವುದು ಸಿಮೆಂಟಿನ 'ಸೆಟ್'. ಸಿಮೆಂಟಿಗೆ ಸೆಟ್ ಆಗುವುದು ಬೇರೆ, ಬಲ ಬರುವುದು ಬೇರೆ. ಭಾರತೀಯ ಮಾನಕದಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ ನೀರು ಬಿದ್ದ 30 ನಿಮಿಷದೊಳಗೆ ಸೆಟ್ ಆಗತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವುದು ಒಂದು ಚದರ ಮಿಲಿಮೀಟರ್ ತುದಿಯ ಸೂಜಿಯಿಂದ. ಕಲಸಿದ ಸಿಮೆಂಟ್ ತುಂಬಿದ ಅಚ್ಚಿನಲ್ಲಿ ಸೂಜಿ ಇಳಿದು ತಳಕ್ಕಿಂತ ಸುಮಾರು 5 ಮಿ.ಮೀ. ಮೇಲೇ ನಿಂತರೆ ಸೆಟ್ ಶುರುವಾಯಿತೆಂದು ಲೆಕ್ಕ. ಇಷ್ಟೆಲ್ಲ ಹೇಳುವುದು ಸೂಜಿ ಇಳಿಯುತ್ತದೋ ಇಲ್ಲವೋ ಎಂಬುದನ್ನು ಮಾತ್ರ, ಮನುಷ್ಯ ನಿಂತರೆ ತಡೆಯುತ್ತದೋ ಎಂಬುದನ್ನಲ್ಲ. 43 ಗ್ರೇಡ್ ಎಂದು ಚೀಲದ ಮೇಲೆ ಬರೆದಿರುವ ಬಲ ಬರಲು 28 ದಿನ ಬೇಕು.

ಹೀಗಿರುವಾಗ ಎರಡನೇ ದಿನ ಗೌಂಡಿ "ಮಾಲು ಸೆಟ್ ಆಗ್ಯಾದ್ರಿ ಮಾಲಕ್ರೆ" ಎನ್ನುತ್ತಾನೆ. ಅವನ ಮಾತು ನೂರಕ್ಕೆ ನೂರು ಸತ್ಯ. ಮಾಲಕರು ಅದನ್ನು "ಎಲ್ಲಾ ಸೆಟ್" ಎಂದು ಕೇಳಿಸಿಕೊಂಡು, ಸ್ಲ್ಯಾಬನ್ನು ಕೆಳಗಿನಿಂದ ಹೊತ್ತ ಸೆಂಟ್ರಿಂಗ್ ಬಿಚ್ಚಲು ಹೇಳುತ್ತಾರೆ. ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿರುತ್ತದಲ್ಲ! ಗೋಡೆಯಿಂದ ಗೋಡೆಗೆ ಸ್ಲ್ಯಾಬಿನ ಅಗಲ ನಾಲ್ಕೂವರೆ ಮೀಟರ್, ಅಂದರೆ ಹದಿನೈದು ಅಡಿಯೊಳಗಿದ್ದರೆ ಕೆಳಗಿನ ಆಸರೆ ಏಳು ದಿನವಾದರೂ ಇರಬೇಕು. ಅದಕ್ಕೂ ಹೆಚ್ಚಿದ್ದರೆ ಹದಿನಾಲ್ಕು ದಿನ. ನಮ್ಮ ಬ್ಯಾಸಗಿಯ ಬಿಸಿಲಿಗೆ ಮಾಲು ಲಗೂನೆ ಬಿಗಿಯುತ್ತದೆ ಎಂಬುದೂ ಖರೆ. ಆದರೆ ಬೇಗ ಬಿಗಿದದ್ದು ಬೇಗ ಬಲಿಯಿತೆಂದಲ್ಲ. ಒಣ ಬಿಸಿಲಿಗೆ ಹತ್ತು ದಿನವಾದರೂ ನೀರುಣಿಸದಿದ್ದರೆ ಬಲ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಇದರಲ್ಲೂ ಕಳ್ಳ ಸೆಟ್ ಒಂದಿದೆ. ಸಿಮೆಂಟ್ ಅರೆಯುವಾಗ ಸೆಟ್ಟಾಗುವುದನ್ನು ತಡಮಾಡಲೆಂದು ಜಿಪ್ಸಂ ಬೆರೆಸುತ್ತಾರೆ. ಗಿರಣಿ ಅತಿಯಾಗಿ ಕಾದರೆ ಆ ಜಿಪ್ಸಂ ತನ್ನೊಳಗಿನ ನೀರು ಕಳೆದುಕೊಂಡಿರುತ್ತದೆ. ಮುಂದೆ ನಾವು ನೀರು ಹಾಕಿದೊಡನೆ ಅದು ಅವಸರದಿಂದ ಹೀರಿಕೊಂಡು, ಎರಡು-ಮೂರು ನಿಮಿಷದಲ್ಲೇ ಮಾಲು ಬಿಗಿದಂತೆ ಮಾಡುತ್ತದೆ. ಆಗ ನೀರು ಸೇರಿಸದೆ ಇನ್ನೊಮ್ಮೆ ಚೆನ್ನಾಗಿ ಕಲಸಿದರೆ ಮೆತ್ತಗಾಗುತ್ತದೆ. ಮಗ್ಗಿನಿಂದ ನೀರು ಸುರಿದವರು ಬಿಗಿತವನ್ನಲ್ಲ, ಬಲವನ್ನು ಕಳೆಯುತ್ತಾರೆ.

ಅಡುಗೆಮನೆಯಲ್ಲಿ ಇಂಥ ತಕರಾರಿಲ್ಲ. ಮೊಸರಿಗೆ 'ಹೆಪ್ಪು' ಎಂಬ ಸ್ವಂತದ ಪದ ಇರುವುದರಿಂದ ಯಾರೂ ಅದನ್ನು ಸೆಟ್ ಮಾಡಲು ಹೋಗಿಲ್ಲ. ಹೆಸರು ಸ್ಪಷ್ಟವಿದ್ದರೆ ಪಾತ್ರೆ ಅಲುಗಿಸಬಾರದೆಂಬ ಬುದ್ಧಿಯೂ ಜೊತೆಗೇ ಬರುತ್ತದೇನೋ.

ಹೊಲದ ಕಥೆ ಬೇರೆ. ಭೀಮಾ ದಂಡೆಯಿಂದ ಫೋನ್ ಬರುತ್ತದೆ: "ಸೆಟ್ ಹೋಗ್ಯಾದ್ರಿ, ಲಗೂ ಬರ್ರಿ." ಮೋಟರು ಮತ್ತು ಪಂಪು ಎರಡು ಬೇರೆ ಯಂತ್ರ, ಜೋಡಿ ಮಾಡಿ ಕೂಡ್ಸಿದ್ದಕ್ಕೇ ಅದು ಪಂಪ್‌ಸೆಟ್. ಅದರಲ್ಲಿ ಹೋದದ್ದು ಯಾವುದು? ಮೋಟರು ಗುಂಯ್ ಎನ್ನುತ್ತಾ ತಿರುಗದೆ ನಿಂತಿದ್ದರೆ ಮೂರರಲ್ಲಿ ಒಂದು ಫೇಸ್ ಇಲ್ಲ. ಆ ಕ್ಷಣವೇ ಬಂದ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ. ತಿರುಗಿಯೂ ನೀರು ಬರದಿದ್ದರೆ ನೀರಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಸೋರಿ ಪೈಪಿನಲ್ಲಿ ಗಾಳಿ ತುಂಬಿದೆ, ಇಲ್ಲವೇ ಮೋಟರು ಉಲ್ಟಾ ತಿರುಗುತ್ತಿದೆ. ಉಲ್ಟಾ ಇದ್ದರೆ ಬಂದ್ ಮಾಡಿ, ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಮುಗಿಯಿತು. ಫೋನಿನಲ್ಲಿ ಇಷ್ಟು ಹೇಳಿದರೆ ಮೆಕ್ಯಾನಿಕ್ ಹತ್ತು ರೂಪಾಯಿಯ ವಾಷರ್ ಜೇಬಿನಲ್ಲಿಟ್ಟುಕೊಂಡು ಬೈಕಿನ ಮೇಲೆ ಬರುತ್ತಾನೆ. 'ಸೆಟ್ ಹೋಗ್ಯಾದ' ಎಂದಷ್ಟೇ ಹೇಳಿದರೆ ಟಂಟಂ ಬಾಡಿಗೆಗೆ ಹಿಡಿದು, ಸೆಟ್ ಎತ್ತುವ ಚೈನ್‌ಪುಲಿ ಹೇರಿಕೊಂಡು ಬರುತ್ತಾನೆ. ಆ ಬಾಡಿಗೆ ಕೊಡಬೇಕಾದವರು ಯಾರೆಂಬ ಜಗಳ ಬೇರೆ.

ಸಮಾನಾರ್ಥಕ ಕೋಶ ತೆಗೆದರೆ ದಾರಿ ಸಿಗುತ್ತದೆಂದು ಓದಿದವರು ನಂಬುತ್ತಾರೆ. ಅಲ್ಲಿ ಸೆಟ್, ಇನ್‌ಲೇ, ಮೌಂಟ್, ಫಿಕ್ಸ್ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಬಸ್ ಸ್ಟ್ಯಾಂಡಿನಲ್ಲಿ ಬೇರೆ ಬೇರೆ ಊರಿಗೆ ಹೊರಟವರು ಒಂದೇ ಬೆಂಚಿನಲ್ಲಿ ಕೂತಂತೆ. ಬೀದರಿನ ಬಿದ್ರಿ ಹೂಜಿಯನ್ನು ಇಂಗ್ಲಿಷಿನಲ್ಲಿ ವರ್ಣಿಸಲು ಹೊರಟವರು ಇಲ್ಲೇ ಎಡವುತ್ತಾರೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರು ಕೊರೆದು, ಬೆಳ್ಳಿಯ ತಂತಿಯನ್ನು ಅದರೊಳಗೆ ಬಡಿದು ಮೈಯ ಮಟ್ಟಕ್ಕೆ ತರುವುದು ಇನ್‌ಲೇ. ಉಂಗುರದ ಹರಳಿನ ಸುತ್ತ ಲೋಹವೇ ಎದ್ದು ಹಿಡಿದಿರುತ್ತದೆ, ಅದು ಸೆಟ್. ಬೆಳ್ಳಿಯನ್ನು ಸೆಟ್ ಮಾಡಿದೆ ಎಂದು ಬರೆದರೆ ಓದಿದವರು ಹೂಜಿಯ ಮೈ ಮೇಲೆ ಉಬ್ಬಿದ ತುಣುಕು ಹುಡುಕುತ್ತಾರೆ. ಒರಸಿದಾಗ ಬೆರಳಿಗೆ ಏನೂ ತಾಕದಿದ್ದರೆ ಇನ್‌ಲೇ, ತಾಕಿದರೆ ಸೆಟ್: ಕೋಶಕ್ಕಿಂತ ಬೆರಳನ್ನು ನಂಬುವುದು ಲೇಸು.

ಬಾಲ ಸೇರಿದರೆ ಇನ್ನೂ ಕಷ್ಟ. ಬಜೆಟ್ಟಿನಲ್ಲಿ ದುಡ್ಡನ್ನು 'ಸೆಟ್ ಅಸೈಡ್' ಮಾಡಿದರೆ ಅದು ಎತ್ತಿಟ್ಟ ದುಡ್ಡು, ಭದ್ರ. ಹೈಕೋರ್ಟು ಒಂದು ಆದೇಶವನ್ನು 'ಸೆಟ್ ಅಸೈಡ್' ಮಾಡಿದರೆ ಅದು ರದ್ದು. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠದಿಂದಾಗಿ ಈ ಪದ ಹಳ್ಳಿ ಕಟ್ಟೆಗೂ ಇಳಿದಿದೆ. "ನನ್ನ ಆರ್ಡರ್ ಕೋರ್ಟ್‌ನಾಗ ಬಾಜೂಕ ತೆಗೆದು ಜ್ವಾಕಿ ಇಟ್ಟಾರ" ಎಂದು ಸಮಾಧಾನದಿಂದ ಊರಿಗೆ ಮರಳುವವರು ಇದ್ದೇ ಇರುತ್ತಾರೆ.

ಸೆಟ್‌ನ ದಾಯಾದಿ 'ಸೆಟ್ಲ್'. ಮಗ ಸೆಟ್ಲ್ ಆದ ಎಂದರೆ ಪೇಢಾ ಹಂಚುತ್ತಾರೆ. ಎಂಜಿನಿಯರ್ ಬಂದು "ಮನಿ ಮೂಡಣ ಮಗ್ಗಲಿಗೆ ಸೆಟ್ಲ್ ಆಗ್ಯಾದ" ಎಂದಾಗ ಹಂಚಬಾರದು. ತಳಪಾಯ ಕುಸಿದಿದೆ ಎಂದರ್ಥ. ತೊಗರಿಗೆ ಒಳ್ಳೆಯದಾದ ನಮ್ಮ ಎರೆ ಭೂಮಿ ಮನೆಗೆ ಒಳ್ಳೆಯದಲ್ಲ: ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ. ಕುಸಿತ ನಿಂತಿದೆಯೋ ಇಲ್ಲವೋ ತಿಳಿಯಲು ಸೀಳಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಬೇಕು. ಗಾಜು ಒಡೆದರೆ ಮನೆ ಇನ್ನೂ ಸೆಟ್ಲ್ ಆಗುತ್ತಲೇ ಇದೆ. ಅಂಟು ಸೆಟ್ ಆಗುವ ತನಕ ಮಾತ್ರ ಮಕ್ಕಳನ್ನು ಅದರ ಹತ್ತಿರ ಬಿಡಬಾರದು.