ಹಿತ್ತಲಿನ ಹಾಲಕ್ಕಿ

ನಮ್ಮ ಹಿತ್ತಲಲ್ಲಿರೋ ಹಳೇ ಮಾವಿನ ಮರ ಕಾಯಿ ಬಿಡೋದು ಈಗ ಅಷ್ಟಕ್ಕಷ್ಟೇ, ಆದ್ರೂ ಕಡಿಸೋ ಮಾತೆತ್ತಿದ್ರೆ ಮನೇಲಿ ಯಾರೂ ಒಪ್ಪಲ್ಲ, ಯಾಕಂದ್ರೆ ಅದರ ಪೊಟರೇಲಿ ಒಂದು ಜೋಡಿ ಹಾಲಕ್ಕಿ ಸಂಸಾರ ಹೂಡಿದೆ. ಗೂಬೆ ಜಾತೀದೇ, ಆದ್ರೆ ಗೊರವಂಕಕ್ಕಿಂತ ಕುಳ್ಳ, ದುಂಡಗೆ, ಮೈತುಂಬ ಬಿಳೀ ಚುಕ್ಕೆ. ಪಕ್ಕದ್ಮನೆ ಅಂಕಲ್ಲು "ಗೂಬೆ ಮನೆ ಹತ್ರ ಇರಬಾರ್ದು, ಪೊಟರೆಗೆ ಸಿಮೆಂಟ್ ಮೆತ್ತಿಸಿಬಿಡಿ" ಅಂತ ಕಾಂಪೌಂಡ್ ಆಚೆಯಿಂದ್ಲೇ ಹೇಳಿದ್ರು. ನಮ್ಮತ್ತೆ ಬಿಡ್ತಾರಾ? "ಬುಡುಬುಡಿಕೆಯವ್ನು ಬಂದು ಹಾಲಕ್ಕಿ ಶುಭ ನುಡೀತೈತೆ ಅಂದ್ರೆ ಮೊರದ ತುಂಬ ಅಕ್ಕಿ ಹಾಕ್ತೀರಲ್ಲ, ಅದೇ ಹಾಲಕ್ಕಿ ಪುಕ್ಕಟೆ ಬಂದು ಕೂತ್ರೆ ಆಗಲ್ವಾ?"

ಸಂಜೆ ದೀಪ ಹಚ್ಚೋ ಹೊತ್ತಿಗೆ ಪೊಟರೆ ಬಾಯಲ್ಲಿ ಮೊದ್ಲು ಎರಡು ಹಳದಿ ಕಣ್ಣು ಕಾಣುತ್ತೆ, ಆಮೇಲೆ ಬಿಳೀ ಹುಬ್ಬು. ನಮ್ಮನ್ನ ನೋಡಿದ್ರೆ ತಲೆ ಮೇಲೆ ಕೆಳಗೆ ಕುಣಿಸಿ ದಿಟ್ಟಿಸುತ್ತೆ, ಬಾಕಿ ವಸೂಲಿಗೆ ಬಂದವರನ್ನ ನೋಡೋ ಹಾಗೆ. ಗೂಬೆಗಳಿಗೆ ಕಣ್ಣುಗುಡ್ಡೆ ಅತ್ತಿತ್ತ ಹೊರಳಲ್ಲವಂತೆ, ಅದಕ್ಕೇ ಇಡೀ ತಲೇನೇ ತಿರುಗಿಸ್ಬೇಕು, ಕುತ್ತಿಗೇಲಿ 14 ಮೂಳೆ, ನಮಗಿರೋದು ಬರೀ 7. ಸುಮಾರು 270 ಡಿಗ್ರಿ ತಿರುಗುತ್ತೆ ಅಂದಾಗ ಕುತ್ತಿಗೆ ನೋವಿಗೆ ಬೆಲ್ಟ್ ಹಾಕ್ಕೊಂಡು ಕೂತಿದ್ದ ನಮ್ಮ ಯಜಮಾನ್ರು ಪೇಪರ್ ಮಡಚಿಟ್ಟು ಒಳಗೆ ಹೋದ್ರು.

ಈಗ ಮರಿಗಳೂ ಇಣುಕ್ತಿವೆ, ಒಂದು ದೊಡ್ಡದು, ಇನ್ನೊಂದು ಅದರ ಅರ್ಧ. ಮೊದಲನೇ ಮೊಟ್ಟೆ ಇಟ್ಟಾಗ್ಲೇ ಕಾವಿಗೆ ಕೂತುಬಿಡೋದ್ರಿಂದ ಮರಿಗಳು ಒಟ್ಟಿಗೆ ಒಡೆದು ಬರಲ್ಲ, ಮೊದ್ಲು ಬಂದೋನಿಗೇ ಊಟ ಜಾಸ್ತಿ. ಅಪ್ಪ ಅಮ್ಮ ಇಬ್ರೂ ಬೀದಿ ದೀಪದ ಕೆಳಗೆ ಹಾರಾಡೋ ಹುಳ ಹಿಡ್ಕೊಂಡು ಓಡಾಡ್ತಾನೇ ಇರ್ತಾರೆ, ಜಿರಳೆ, ಹಲ್ಲಿ, ಇಲಿಮರಿ, ಏನೂ ಬಿಡಲ್ಲ. ಬೆಳಿಗ್ಗೆ ಮರದ ಕೆಳಗೆ ಗುಡಿಸೋವಾಗ ಹೆಬ್ಬೆರಳಿಗಿಂತ ಸಣ್ಣದೊಂದು ಬೂದು ಉಂಡೆ ಸಿಕ್ತು, ಒಣಗಿದ್ದು. ಕಡ್ಡೀಲಿ ಬಿಡಿಸಿ ನೋಡಿದ್ರೆ ದುಂಬಿಯ ಹೊಳೆಯೋ ರೆಕ್ಕೆ ಚೂರು, ಕೂದಲು, ದಾರದಷ್ಟು ತೆಳು ಮೂಳೆ. ಅರಗದೇ ಇದ್ದದ್ದನ್ನ ಹಿಂಗೆ ಕಕ್ಕಿಬಿಡುತ್ತೆ.

ಹಗಲು ಹೊತ್ತು ಹೊರಗೆ ತಲೆ ಹಾಕಿದ್ರೆ ಕಥೆ ಮುಗೀತು, ಪಿಕಳಾರ, ಗೊರವಂಕ, ಅಳಿಲು ಎಲ್ಲಾ ಸೇರಿ ಕಿರುಚಿ ಕಿರುಚಿ ಒಳಗೆ ಅಟ್ಟುತ್ವೆ. ಕೆಂಬೂತ ಮಾತ್ರ ಇದಕ್ಕೂ ತನಗೂ ಸಂಬಂಧಾನೇ ಇಲ್ಲ ಅನ್ನೋ ಥರ ಬೇಲಿ ಬುಡದಲ್ಲಿ ಬಸವನಹುಳ ಹುಡುಕ್ತಿರುತ್ತೆ.

ನನಗಿರೋ ಒಂದೇ ತಲೆನೋವು ಅಂಕಲ್ ಮನೆ ಇಲಿ ಪಾಷಾಣ. ಅದನ್ನ ತಿಂದ ಇಲಿ ತಕ್ಷಣ ಸಾಯಲ್ಲ, ಒಂದೆರಡು ದಿನ ತೂರಾಡ್ತಾ ಓಡಾಡುತ್ತೆ, ಅಂಥದ್ದೇ ಗೂಬೆ ಕೈಗೆ ಸಲೀಸಾಗಿ ಸಿಗೋದು, ವಿಷ ಅದಕ್ಕೂ ಏರುತ್ತೆ. ಹೋಗಿ ಹೇಳಿದೆ. "ನಿಮ್ಮ ಗೂಬೆ ನಮ್ಮ ಅಡುಗೆಮನೆಗೆ ಬಂದು ಇಲಿ ಹಿಡ್ಯುತ್ತೇನಮ್ಮಾ?" ಅಂದ್ರು. ಅದೂ ಸರೀನೇ ಅನ್ನಿ, ಅದಕ್ಕೇ ನಮ್ಮ ಇಲಿಬೋನು ಕೊಟ್ಟು ಬಂದೆ. ಈಗ ಅವರ ಮನೇಲಿ ಪಾಷಾಣ ಇಲ್ಲ, ನಮ್ಮನೇಲಿ ಬೋನಿಲ್ಲ, ವಾಪಸ್ ಕೇಳೋಕೆ ಸಂಕೋಚ.