ಒಂದು ಮಾವಿನಕಾಯಿಯ ಐಪಿಒ

ಏಪ್ರಿಲ್ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬೇಸಿಗೆ ಶಿಬಿರದ ಪೋಸ್ಟರುಗಳ ಸುರಿಮಳೆ. ಮಣ್ಣಿನ ಗಣಪ, ಕರಾಟೆ, ವೇದಗಣಿತ ಎಲ್ಲ ಮುಗಿದು ಈ ಸಲ ಬಂದದ್ದು ಮಕ್ಕಳಿಗೆ ಷೇರು ಹೂಡಿಕೆ ಪಾಠ. ವಯಸ್ಸು 7ರಿಂದ 14. ನಾಲ್ಕು ದಿನಕ್ಕೆ 6,500 ರೂಪಾಯಿ. ಪೋಸ್ಟರಿನಲ್ಲಿ ಕೋಟು ತೊಟ್ಟ ಮಗುವೊಂದು ಏರುವ ಷೇರುಪೇಟೆಯ ಗುರುತಾದ ಗೂಳಿಯ ಮೇಲೆ ಕೂತಿತ್ತು. ಮುಂದಿನ ಎರಡು ಹಲ್ಲು ಇರಲಿಲ್ಲ. ಮಗುವಿಗೆ.

“ಎದುರು ಮನೆಯವರು ಮಗನನ್ನ ಸೇರಿಸಿದಾರೆ ಕಣ್ರೀ” ಎಂದಳು ಹೆಂಡತಿ. ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಕಾರಣ ಬೇಕಾ? ಷೇರು ಕೊಳ್ಳುವುದೂ ನಾವು ಹೀಗೇ ಅಲ್ವಾ.

ಮಗಳಿಗೆ ಒಂಬತ್ತು ವರ್ಷ. ಭಾಗಾಕಾರದಲ್ಲಿ ಶೇಷ ಉಳಿದರೆ ಈಗಲೂ ಕಣ್ಣಲ್ಲಿ ನೀರು. ಅವಳಿಗೆ, ಷೇರಿನ ಬೆಲೆಯನ್ನು ಒಂದು ಷೇರಿನ ಲಾಭದಿಂದ ಭಾಗಿಸುವ ಪಿ/ಇ ರೇಶಿಯೊ ಕಲಿಸಲು ಕರೆದುಕೊಂಡು ಹೋದೆ.

ಮೊದಲ ದಿನ ಅಪ್ಪ ಅಮ್ಮಂದಿರೂ ಹಿಂದಿನ ಸಾಲಿನಲ್ಲಿ ಕೂರಬಹುದಿತ್ತು. “ನಿಮ್ಮ ಗುರಿ ಏನು?” ಅಂತ ಮೇಷ್ಟ್ರು ಕೇಳಿದರು. “ಫೈನಾನ್ಶಿಯಲ್ ಫ್ರೀಡಂ” ಎಂದ ಎದುರು ಮನೆ ಹುಡುಗ. ಸೆಕ್ಯುರಿಟಿಯವರನ್ನು ಕೇಳದೆ ಗೇಟು ದಾಟುವ ಫ್ರೀಡಂ ಅವನಿಗಿನ್ನೂ ಸಿಕ್ಕಿಲ್ಲ.

ಆಮೇಲೆ ಬಂತು ಚಕ್ರಬಡ್ಡಿಯ ಜಾದೂ. ತಿಂಗಳಿಗೆ 1,000 ರೂಪಾಯಿ ಎಸ್‌ಐಪಿ (ಕಂತು ಕಂತಾಗಿ ಹೂಡಿಕೆ), ವರ್ಷಕ್ಕೆ ಶೇ 12 ಲಾಭ, 15 ವರ್ಷ ಕಳೆದರೆ ಸುಮಾರು 5 ಲಕ್ಷ! ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಮಾತ್ರ ಕೈ ಎತ್ತಿದ.

“ಸರ್, 12 ಪರ್ಸೆಂಟ್ ಕೊಡೋದು ಯಾರು?”

“ಮಾರ್ಕೆಟ್ ಕೊಡುತ್ತೆ ಪುಟ್ಟಾ.”

“ಕೊಡದಿದ್ರೆ?”

“ಈಗ ಬಿಸ್ಕತ್ ಬ್ರೇಕ್” ಎಂದರು ಮೇಷ್ಟ್ರು.

ನಾನು ಹಿಂದೆ ಕೂತು ಬೇರೆ ಲೆಕ್ಕ ಹಾಕುತ್ತಿದ್ದೆ. 32 ಮಕ್ಕಳು, ತಲೆಗೆ 6,500. ನಾಲ್ಕು ದಿನಕ್ಕೆ 2,08,000. ಬಂಡವಾಳ ಒಂದು ಪ್ರೊಜೆಕ್ಟರು, ಮೂರು ಪ್ಯಾಕೆಟ್ ಬಿಸ್ಕತ್ತು. ಇಂಥ ಷೇರು ನಮ್ಮ ಪೇಟೆಯಲ್ಲಿ ಇನ್ನೂ ಲಿಸ್ಟ್ ಆಗಿಲ್ಲ.

ಎರಡನೇ ದಿನದ ಪಾಠ ಊಟಕ್ಕೆ ಕೂತಾಗ ಹೊರಬಂತು. 2024ರ ಮಾರ್ಚಿನಲ್ಲಿ ನಾರಾಯಣ ಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ ಇನ್ಫೊಸಿಸ್‌ನ 15 ಲಕ್ಷ ಷೇರು ಉಡುಗೊರೆ ಕೊಟ್ಟ ಕತೆ. ಆಗಿನ ಬೆಲೆಯಲ್ಲಿ 240 ಕೋಟಿ ರೂಪಾಯಿಗೂ ಹೆಚ್ಚು. ಮರುತಿಂಗಳು ಕಂಪನಿ ಷೇರಿಗೆ 28 ರೂಪಾಯಿ ಡಿವಿಡೆಂಡ್, ಅಂದರೆ ಲಾಭದ ಪಾಲು, ಘೋಷಿಸಿತು. ಅಂದರೆ ಮಗು ಮಗುಚಿಕೊಳ್ಳುವ ಹೊತ್ತಿಗೆ 4.2 ಕೋಟಿ.

“ಅಜ್ಜೀ, ನನಗೆ ನಾಲ್ಕು ತಿಂಗಳಾದಾಗ ನೀವೆಲ್ಲ ಏನು ಕೊಟ್ರಿ?”

“ಬಜೆ ತೇದು ನೆಕ್ಕಿಸಿದ್ದೆ” ಎಂದರು ನನ್ನಮ್ಮ. “ಅದಕ್ಕೇ ಇಷ್ಟು ಮಾತು.”

ಅಪ್ಪ ತಟ್ಟೆ ನೋಡುತ್ತಾ ಕೂತರು. 1993ರಲ್ಲಿ ಇನ್ಫೊಸಿಸ್ ಷೇರು ಐಪಿಒದಲ್ಲಿ, ಅಂದರೆ ಮೊದಲ ಸಲ ಜನರಿಗೆ ಮಾರಾಟಕ್ಕೆ, 95 ರೂಪಾಯಿಗೆ ಬಂದಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ. ಈಗ ಬಸವನಗುಡಿಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ‘ಅವತ್ತು ಫಾರ್ಮ್ ಕೈಯಲ್ಲೇ ಇತ್ತು’ ಎನ್ನುವ ಒಬ್ಬರು ಸಿಗುತ್ತಾರೆ. ಅಷ್ಟು ಜನರ ಕೈಯಲ್ಲಿ ಫಾರ್ಮ್ ಇದ್ದಿದ್ದರೆ ಷೇರು ಯಾಕೆ ಉಳೀತಿತ್ತು, ಗೊತ್ತಿಲ್ಲ.

ಮೂರನೇ ದಿನ ಮಗಳು ಹೊಸ ಪದ ತಂದಳು: ಡೈಲಿ ಎಸ್‌ಐಪಿ. ದಿನಾ ಹತ್ತು ರೂಪಾಯಿ ಕಟ್ಟಿದರೂ ಸಾಕಂತೆ, ಕ್ರಾಂತಿಯಂತೆ. ಉಡುಪಿ ಕಡೆಯ ನಮ್ಮಪ್ಪನ ಮುಖ ಈಗ ಅರಳಿತು. “ಇದು ಪಿಗ್ಮಿ ಅಲ್ವಾ ಮಾರಾಯ್ತಿ!” 1928ರಲ್ಲೇ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕಿನವರು, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಬರೆದುಕೊಂಡು ಹೋಗುತ್ತಿದ್ದರು. ಅಪ್ಪನ ಅಂಗಡಿಗೂ ಸಂಜೆ ಚೀಲ ನೇತುಹಾಕಿಕೊಂಡು ಪಿಗ್ಮಿಯವರು ಬರುತ್ತಿದ್ದರು. ಕೋಟು ಇರಲಿಲ್ಲ, ಗೂಳಿಯೂ ಇರಲಿಲ್ಲ. ಸೈಕಲ್ ಇತ್ತು. ನನ್ನ ಡಿಗ್ರಿಯ ಫೀಸು ಆ ಚೀಲದಿಂದಲೇ ಬಂದದ್ದು. ಮಗಳು ಎಲ್ಲ ಕೇಳಿಸಿಕೊಂಡು, “ಆದ್ರೆ ಅಜ್ಜಾ, ಅದಕ್ಕೆ ಆ್ಯಪ್ ಇರಲಿಲ್ವಲ್ಲ” ಎಂದಳು.

ಕೊನೆಯ ದಿನದ ಹೋಮ್‌ವರ್ಕ್ ನನಗೆ. ಮಗಳ ಹೆಸರಲ್ಲಿ ಷೇರು ಇಡುವ ಡಿಮ್ಯಾಟ್ ಖಾತೆ ತೆರೆಯಬೇಕು. ಖಾತೆ ಅವಳದು, ನಡೆಸುವವನು ನಾನು. ಇದರ ನಿಯಮಗಳನ್ನು ಓದುವುದೇ ಒಂದು ಮಜಾ. ಮಗುವಿನ ಡಿವಿಡೆಂಡು, ಲಾಭ ಎಲ್ಲ ತೆರಿಗೆಯ ಹೊತ್ತಿಗೆ ಅಪ್ಪ ಅಮ್ಮನಲ್ಲಿ ಯಾರ ಆದಾಯ ಜಾಸ್ತಿಯೋ ಅವರ ಲೆಕ್ಕಕ್ಕೆ ಸೇರುತ್ತದೆ. ಮಗು ಮೈಮುರಿದು ದುಡಿದರೆ, ಇಲ್ಲವೇ ಸ್ವಂತ ಪ್ರತಿಭೆಯಿಂದ ಗಳಿಸಿದರೆ ಹಾಗೆ ಸೇರಿಸುವುದಿಲ್ಲ. ಷೇರಿನಲ್ಲಿ ದುಡ್ಡು ಮಾಡುವುದು ಈ ಎರಡರಲ್ಲಿ ಯಾವುದೂ ಅಲ್ಲ ಎಂದು ತೆರಿಗೆ ಇಲಾಖೆಗೆ ಮೊದಲೇ ಗೊತ್ತಿತ್ತು, ನಾವು 6,500 ಕೊಟ್ಟು ತಿಳಿದುಕೊಂಡೆವು. ಸರ್ಕಾರವಂತೂ 2024ರಲ್ಲಿ ಮಕ್ಕಳಿಗೆಂದೇ ಎನ್‌ಪಿಎಸ್ ವಾತ್ಸಲ್ಯ ಎಂಬ ಯೋಜನೆ ತಂದು, ಹಾಲುಹಲ್ಲು ಬರುವ ಮೊದಲೇ ಪಿಂಚಣಿಗೆ ದಾರಿ ಮಾಡಿದೆ.

ಇನ್ನೊಂದು ನಿಯಮ: ಮಕ್ಕಳ ಖಾತೆಯಲ್ಲಿ ಇಂಟ್ರಾಡೇ (ಅವತ್ತೇ ಕೊಂಡು ಅವತ್ತೇ ಮಾರುವುದು) ಇಲ್ಲ, ಎಫ್ ಆ್ಯಂಡ್ ಒ (ಮುಂದಿನ ಬೆಲೆಯ ಮೇಲೆ ಕಟ್ಟುವ ಬಾಜಿ) ಇಲ್ಲ. ಅದೆಲ್ಲ 18 ತುಂಬಿ ಬುದ್ಧಿ ಬಲಿತವರಿಗೆ. ಆ ಬುದ್ಧಿ ಬಲಿತವರ ಕತೆಯನ್ನು ಷೇರುಪೇಟೆಯ ಕಾವಲುಗಾರ ಸೆಬಿ ಲೆಕ್ಕ ಹಾಕಿತ್ತು. 2024ರ ಮಾರ್ಚ್‌ಗೆ ಮುಗಿದ ಮೂರು ವರ್ಷಗಳಲ್ಲಿ ಎಫ್ ಆ್ಯಂಡ್ ಒ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಆ 93ರಲ್ಲಿ ನಾನೂ ಒಬ್ಬ ಎಂಬುದು ಹೆಂಡತಿಗೆ ಗೊತ್ತಿಲ್ಲ. ಮೊದಲ ದಿನ ಹಿಂದಿನ ಸಾಲಿನಲ್ಲಿ ಮೊಬೈಲು ನೋಡಿ ನಿಟ್ಟುಸಿರು ಬಿಡುತ್ತಿದ್ದ ಉಳಿದ ಅಪ್ಪಂದಿರನ್ನು ನೋಡಿದಾಗ ಸ್ವಲ್ಪ ಸಮಾಧಾನ ಆಗಿತ್ತು.

ಶಿಬಿರ ಮುಗಿದ ಮರುದಿನವೇ ಮಗಳು ಕಂಪನಿ ತೆರೆದಳು. ಮಾವಿನಕಾಯಿ ಹೋಳುಗಳಿಗೆ ಉಪ್ಪು ಖಾರ ಹಚ್ಚಿ ಮಾರುವ ವ್ಯಾಪಾರ. ಹತ್ತು ಷೇರು, ಒಂದಕ್ಕೆ ಹತ್ತು ರೂಪಾಯಿ. ಲಿಫ್ಟಿನಲ್ಲಿ ಪೋಸ್ಟರ್ ಅಂಟಿಸಿದಳು. ನನ್ನ ಹತ್ತಿರ ಬಂದಾಗ “ಹೋಗೇ, ಆಫೀಸ್ ಕಾಲ್ ಇದೆ” ಎಂದೆ. ಸಂಜೆಯೊಳಗೆ ಹತ್ತೂ ಖಾಲಿ. ಅಸೋಸಿಯೇಷನ್ ಸೆಕ್ರೆಟರಿ ಒಬ್ಬರೇ ಮೂರು ಕೊಂಡಿದ್ದರು.

ಬಂದ ನೂರು ರೂಪಾಯಿಯಲ್ಲಿ 20ಕ್ಕೆ ಒಂದು ತೋತಾಪುರಿ ತಂದು ಫ್ರಿಜ್ ಮೇಲಿಟ್ಟಳು. 80ಕ್ಕೆ ಸ್ಕೆಚ್ ಪೆನ್. ಬ್ರ್ಯಾಂಡಿಂಗ್ ಅಂತೆ.

“ಹೋಳು ಯಾವಾಗ ಪುಟ್ಟೀ?” ಅಂತ ಸೆಕ್ರೆಟರಿ ಲಿಫ್ಟಿನಲ್ಲಿ ಕೇಳಿದರು.

“ಲಾಂಗ್ ಟರ್ಮ್ ಅಂಕಲ್.”

ಅವರು ಮೆಚ್ಚಿ ತಲೆ ಸವರಿದರು. ಗುರುವಾರ ಮೂರನೇ ಮಹಡಿಯವರು ತಮ್ಮ ಷೇರನ್ನು ಐದನೇ ಮಹಡಿಗೆ 14ಕ್ಕೆ ಮಾರಿದರು. ಶುಕ್ರವಾರ 17. ‘ಮಾವಿನ ಸೀಸನ್ ಈಗ ಶುರು, 30 ಮುಟ್ಟುತ್ತೆ’ ಅಂತ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು. ಪೋಸ್ಟರಿನಲ್ಲಿ ಬೆಲೆ ತಿದ್ದಿ ತಿದ್ದಿ ಶನಿವಾರ ರಾತ್ರಿ 22ಕ್ಕೆ ಬಂತು. ನನಗೆ ನಿದ್ದೆ ಬರಲಿಲ್ಲ. 1993ರ ಫಾರ್ಮ್ ಕಣ್ಣ ಮುಂದೆ ಬಂತು. ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗಳನ್ನು ಮೆಲ್ಲಗೆ ಕೇಳಿದೆ.

“ಖಾಲಿ ಆಗಿದೆಯಲ್ಲ ಅಪ್ಪಾ. ಸೆಕ್ರೆಟರಿ ಅಂಕಲ್ ಹತ್ರ ಕೇಳು.”

ಕೇಳಿದೆ. 22ರಂತೆ ಎರಡು ಕೊಂಡೆ.

ಮಧ್ಯಾಹ್ನ ಅಮ್ಮ ಮಾವಿನಕಾಯಿ ಚಿತ್ರಾನ್ನ ಮಾಡಿದ್ದರು. ತುಂಬಾ ರುಚಿಯಾಗಿತ್ತು. ಎರಡನೇ ಸಲ ಹಾಕಿಸಿಕೊಳ್ಳುವಾಗ ಫ್ರಿಜ್ ಮೇಲೆ ಕಣ್ಣು ಹೋಯಿತು. ಮಗಳ ಕಣ್ಣೂ ಅಲ್ಲಿಗೇ ಹೋಯಿತು. ಇಬ್ಬರೂ ಏನೂ ಮಾತಾಡಲಿಲ್ಲ.

ಸಂಜೆ ಹಾಲು ತರಲು ಲಿಫ್ಟ್ ಹತ್ತಿದೆ. ಪೋಸ್ಟರಿನಲ್ಲಿ ಯಾರೋ 22ನ್ನು ಹೊಡೆದುಹಾಕಿ 25 ಎಂದು ಬರೆದಿದ್ದರು.