ಎರಿ ಹೊಲದವರು ಕರಿ ಉಸುಕಿಗೆ ಹೋದರೆ

ಕಲಬುರಗಿ ಮಂದಿಗೆ ಬಿಸಿಲಿನ ವಿಷಯದಲ್ಲಿ ಒಂದು ಸೊಕ್ಕು ಇದೆ. ಮೇ ತಿಂಗಳ 43 ಡಿಗ್ರಿಯಲ್ಲಿ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಎಲ್ಲಾ ಸುತ್ತಿ ಬಂದು, ಒಂದು ಗಿಲಾಸು ಮಜ್ಜಿಗೆ ಕುಡಿದು, 'ಇವತ್ತ ಜರಾ ತಂಪ ಅದ' ಅನ್ನುವ ಜನ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ 31 ಡಿಗ್ರಿ ಅಂತ ಮೊಬೈಲ್ ತೋರಿಸಿದರೆ 'ಸ್ವೆಟರ್ ಇಡ್ಲೇನು?' ಅಂತ ಕೇಳುತ್ತಾರೆ. ಈ ಸೊಕ್ಕು ಇಳಿಯಲು ಅಲ್ಲಿನ ಸಮುದ್ರ ದಂಡೆಯ ಕರಿ ಉಸುಕಿನ ಮೇಲೆ ನಲವತ್ತು ಹೆಜ್ಜೆ ಸಾಕು.

ಆದರೆ ಜಗಳ ಶುರುವಾಗುವುದು ಅದಕ್ಕೂ ಮುಂಚೆ. ಟೂರಿನವರ ಫೋಟೋದಲ್ಲಿ ಹಾಲಿನಂಥ ಬಿಳಿ ದಂಡೆ. ರೂಮು ಹಿಡಿದದ್ದು ದ್ವೀಪದ ಉತ್ತರಕ್ಕೆ, ಲೋವಿನಾದಲ್ಲಿ, ಅಲ್ಲಿ ಬಾಡಿಗೆ ಕಡಿಮೆ ಅಂತ. ವಿಮಾನ ನಿಲ್ದಾಣದಿಂದ ಮೂರು ತಾಸು ಗುಡ್ಡ ಹತ್ತಿ ಇಳಿದು ಹೋಗಿ ನೋಡಿದರೆ ದಂಡೆ ಇದ್ದಲಿ ಬಣ್ಣ. 'ಇದೇನ್ರೀ, ಗಟಾರದ ನೀರು ಬಿಟ್ಟಾರೇನು?' ಪಾಪ, ಡ್ರೈವರ್‌ದು ಏನೂ ತಪ್ಪಿಲ್ಲ. ಬಾಲಿಯ ದಕ್ಷಿಣದ ತುದಿ, ಬುಕಿತ್ ಅನ್ನುವ ದಿನ್ನೆ, ಸುಣ್ಣದ ಕಲ್ಲಿನದು. ಉಲುವಾಟು, ನೂಸಾ ದುವಾ ದಂಡೆಗಳು ಬೆಳ್ಳಗಿರುವುದು ಅದಕ್ಕೇ. ಉಳಿದ ದ್ವೀಪದ ಬಹುಪಾಲು ಅಗುಂಗ್, ಬಾತುರ್ ಮುಂತಾದ ಜ್ವಾಲಾಮುಖಿಗಳು ಉಗುಳಿದ್ದು. ಆ ಕರಿಕಲ್ಲು, ಬೂದಿ ಎಲ್ಲವನ್ನೂ ಹೊಳೆಗಳು ಕೊಚ್ಚಿ ತಂದು ದಂಡೆಗೆ ಹಾಕುತ್ತವೆ. ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ನಕಾಶೆ ಬೇಡ. ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಫರಸಿ ಮತ್ತು ಸಿಮೆಂಟಿನ ಸುಣ್ಣದ ಕಲ್ಲು, ಆಳಂದ ರಸ್ತೆ ಹಿಡಿದರೆ ಕರಿಕಲ್ಲು ಮತ್ತು ಕರಿ ಮಣ್ಣಿನ ಎರಿ ಹೊಲ. ಬಾಲಿಯಲ್ಲೂ ಅಷ್ಟೇ: ರೂಮು ಶಹಾಬಾದಿನಲ್ಲಿ ಬೇಕೋ ಆಳಂದದಲ್ಲಿ ಬೇಕೋ ಅಂತ ದುಡ್ಡು ಕಟ್ಟುವ ಮುಂಚೆಯೇ ನಿಕ್ಕಿ ಮಾಡಿಕೊಳ್ಳಬೇಕು.

ದುಡ್ಡಿನ ಮಾತು ಬಂತು. ಇಳಿದ ಕೂಡಲೇ ವೀಸಾಕ್ಕೆ ತಲೆಗೆ ಐದು ಲಕ್ಷ, 2024ರಿಂದ ಪ್ರವಾಸಿಗರ ತೆರಿಗೆ ಬೇರೆ ಒಂದೂವರೆ ಲಕ್ಷ. ಇದನ್ನು ಕೇಳಿ ಯಾರೂ ಎದೆ ಹಿಡಿದುಕೊಳ್ಳಬಾರದು. ಇವು ಇಂಡೋನೇಷ್ಯಾದ ರುಪಿಯಾ, ಸಾವಿರಕ್ಕೆ ನಮ್ಮ ಐದಾರು ರೂಪಾಯಿ. ಎಳನೀರಿಗೆ ಇಪ್ಪತ್ತು ಸಾವಿರ ಕೊಟ್ಟೆ ಅಂತ ಊರಿಗೆ ಫೋನು ಮಾಡುವಾಗ ಮಾತ್ರ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಚಪ್ಪಲಿ. ಕರಿ ದಂಡೆಯ ಅವಾಂತರಗಳಲ್ಲಿ ಅರ್ಧಕ್ಕರ್ಧ ಚಪ್ಪಲಿಯವೇ. ಬೆಳಿಗ್ಗೆ ಏಳೂವರೆ ಎಂಟಕ್ಕೆ ಉಸುಕು ತಣ್ಣಗಿರುತ್ತದೆ. ಗುಡಿಗೆ ಹೋದ ರೂಢಿಯಲ್ಲಿ ಮರದ ಬುಡಕ್ಕೆ ಆರು ಜೋಡಿ ಚಪ್ಪಲಿ ಸಾಲಾಗಿ ಬಿಟ್ಟು ನೀರಿಗೆ ನಡೆಯುತ್ತಾರೆ. ಆಡಿ, ಅಲೆಗೆ ಬೆದರಿ, ಮತ್ತೆ ಆಡಿ ತಿರುಗುವ ಹೊತ್ತಿಗೆ ಹನ್ನೊಂದೂವರೆ. ಆ ಕಡೆ ಚಪ್ಪಲಿ, ಈ ಕಡೆ ಬರಿಗಾಲಿನ ಕುಟುಂಬ, ನಡುವೆ ಕಾದ ಹಂಚು. ಕಪ್ಪು ಬಣ್ಣ ಬಿಸಿಲನ್ನು ತಿರುಗಿಸಿ ಕಳಿಸುವುದಿಲ್ಲ, ಪೂರಾ ನುಂಗಿಕೊಳ್ಳುತ್ತದೆ. ಗಾಳಿ 31 ಡಿಗ್ರಿ ಇದ್ದರೂ ನೆತ್ತಿಯ ಬಿಸಿಲಿಗೆ ಉಸುಕಿನ ಮೈ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಮೊದಲು ಹೊರಡುವವರು ಕಾಕಾ. ವೀರಭದ್ರ ದೇವರ ಜಾತ್ರೆಯಲ್ಲಿ ಅಗ್ಗಿ ಹಾಯ್ದ ಕಾಲು ಅವು! ಐದು ಹೆಜ್ಜೆ ಗಂಭೀರವಾಗಿ ಹೋಗುತ್ತವೆ. ಹತ್ತನೆಯದಕ್ಕೆ ಧೋತರದ ಚುಂಗು ಕೈಗೆ ಬರುತ್ತದೆ. ಹದಿನೈದಕ್ಕೆ 'ಯಪ್ಪೋ!'

'ಓಡಬ್ಯಾಡ್ರೀ, ಬೀಳ್ತೀರಿ!' ಅಂತ ನೀರಿನಲ್ಲಿ ನಿಂತ ಕಾಕು.

'ನಿಂತ್ರ ಸುಡ್ತದ, ಓಡಿದ್ರ ನೀ ಬೈತಿ. ಹಾರ್ಲೇನು?'

ಅಗ್ಗಿಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಕೆಂಡದ ಮೇಲೆ ಬೂದಿಯ ಪದರ ಕೂತಿರುತ್ತದೆ, ಬೂದಿ ಬಿಸಿಯನ್ನು ಅಂಗಾಲಿಗೆ ಬೇಗ ದಾಟಿಸುವುದಿಲ್ಲ, ಹಾಯುವುದೂ ಏಳೆಂಟು ಹೆಜ್ಜೆ. ಇಲ್ಲಿ ಕಾಲು ಹೂತುಕೊಳ್ಳುತ್ತದೆ, ಬೆರಳ ಸಂದಿಯಲ್ಲೂ ಬಿಸಿ ಉಸುಕು ನುಗ್ಗುತ್ತದೆ, ಹೆಜ್ಜೆ ನಲವತ್ತು. ನಡುದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಒಂದು ಉಪಾಯವಿದೆ. ಬಿಸಿ ಇರುವುದು ಮೇಲಿನ ಒಂದೆರಡು ಇಂಚು ಮಾತ್ರ, ಒಣ ಉಸುಕು ಬಿಸಿಯನ್ನು ಕೆಳಗೆ ಬಿಡುವುದಿಲ್ಲ. ಹಿಮ್ಮಡಿಯಿಂದ ಗೀರಿ ನಾಲ್ಕು ಇಂಚು ಕೆಳಗೆ ಕಾಲಿಟ್ಟರೆ ಜೀವ ಬರುತ್ತದೆ. ಟವಲ್ ಎರಡು ಇದ್ದರೆ ಇನ್ನೂ ಒಳ್ಳೆಯದು: ಒಂದರ ಮೇಲೆ ನಿಲ್ಲು, ಇನ್ನೊಂದನ್ನು ಮುಂದೆ ಒಗಿ, ಅದರ ಮೇಲೆ ಹೋಗು, ಹಿಂದಿನದನ್ನು ಎಳೆದುಕೋ. ನೋಡುವವರು ನಗುತ್ತಾರೆ, ನಗಲಿ. ಇದ್ಯಾವುದೂ ಬೇಡ ಅಂದರೆ ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಕೊಂಡೇ ನೀರಿನ ಅಂಚಿನ ತನಕ ಹೋಗಬೇಕು. ಹವಾಯಿ ಚಪ್ಪಲಿ ಪ್ರತಿ ಹೆಜ್ಜೆಗೂ ಒಂದು ಚಮಚ ಬಿಸಿ ಉಸುಕನ್ನು ಮೀನಖಂಡಕ್ಕೆ ಎರಚುತ್ತದೆ. ಕೊಲ್ಹಾಪುರಿಯಂತೂ ಉಪ್ಪುನೀರು ಕುಡಿದು ಒಣಗಿ ಹಪ್ಪಳದಂತೆ ಸೆಟೆಯುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ಹೋಗುವುದು ಸರಿಯಾದ ಹೊತ್ತು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ ಅನ್ನುವುದು ನೆನಪಿರಲಿ. ಊರಿನ ಟೈಮ್ ಇಟ್ಟುಕೊಂಡ ಕೈಗಡಿಯಾರ ನಂಬಿ 'ಇನ್ನೂ ಒಂಬತ್ತೂ ಆಗಿಲ್ಲ' ಅಂತ ಇಳಿದವರ ಅಂಗಾಲಿಗೆ ಬೊಬ್ಬೆ ಖಾತ್ರಿ.

ಬಣ್ಣ ನೋಡಿ ನಮ್ಮವರು ಮಾಡುವ ಇನ್ನೊಂದು ತಪ್ಪು, ಇದನ್ನು ಎರಿ ಅಂದುಕೊಳ್ಳುವುದು. ನೆಂಟಸ್ತಿಕೆ ಇರುವುದು ಖರೆ. ನಮ್ಮ ತೊಗರಿ ಬೆಳೆಯುವ ಕರಿ ಮಣ್ಣೂ ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಡಿದ ಲಾವಾದ ಕಲ್ಲಿನದೇ. ಆದರೆ ನಮ್ಮ ಕಲ್ಲು ಯುಗಯುಗ ಮಳೆ ಬಿಸಿಲಿಗೆ ಕೊಳೆತು ಜಿಗುಟು ಮಣ್ಣಾಗಿದೆ. ಬಾಲಿಯದು ಎಳೆ ಕಲ್ಲು, ಅಗುಂಗ್ 1963ರಲ್ಲಿ ಉಕ್ಕಿತ್ತು, 2017ರಲ್ಲಿ ಮತ್ತೆ ಹೊಗೆ ಬೂದಿ ಕಾರಿತು. ಆ ಕಲ್ಲು ಇನ್ನೂ ಒಡೆದು ಪುಡಿಯಾಗುವ ಹಂತದಲ್ಲಿದೆ. ಹೀಗಾಗಿ ಮಳೆ ಬಂದರೆ ಎರಿ ಹೊಲ ಚಪ್ಪಲಿ ಕಸಿದುಕೊಳ್ಳುತ್ತದೆ, ಕರಿ ಉಸುಕು ನೀರನ್ನು ಕ್ಷಣದಲ್ಲಿ ಕುಡಿದು ಗಟ್ಟಿಯಾಗಿ ಕೂರುತ್ತದೆ. ಬಿಸಿಲು ಬಂದರೆ ಎರಡೂ ಅದಲು ಬದಲು.

ನೀರಿನ ಹತ್ತಿರ ಮಾತ್ರ ತಮಾಷೆ ಬೇಡ. ಗಾಣಗಾಪುರದ ಸಂಗಮದಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕಿದ ಅಭ್ಯಾಸದಲ್ಲಿ ಕೆಲವರು ಇಲ್ಲಿಯೂ ಸಮುದ್ರಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚುತ್ತಾರೆ. ದಪ್ಪ ಉಸುಕಿನ ದಂಡೆ ಕಡಿದಾಗಿರುತ್ತದೆ, ಅಲೆ ಕಾಲಬುಡಕ್ಕೆ ಬಂದೇ ಒಡೆಯುತ್ತದೆ, ಹಿಂದೆ ಸರಿಯುವಾಗ ಅಂಗಾಲಿನ ಕೆಳಗಿನ ಉಸುಕನ್ನೇ ಎಳೆದೊಯ್ಯುತ್ತದೆ. ತಳವೂ ಕಪ್ಪು, ಆದ್ದರಿಂದ ಮೊಣಕಾಲುದ್ದವೋ ಎದೆಮಟ್ಟವೋ ಕಣ್ಣಿಗೆ ತಿಳಿಯದು. ಕೆರಮಾಸ್, ಸಾಬಾದಂಥ ದಂಡೆಗಳಲ್ಲಿ ಅಲೆ ಜೋರು, ಅಲ್ಲಿ ಹಲಗೆ ಹಿಡಿದ ಸರ್ಫಿಂಗ್‌ನವರಿಗೆ ಕೆಲಸ, ನಮಗೆ ದಂಡೆ. ಲೋವಿನಾ ಕಡೆ ನೀರು ಶಾಂತ, ಮಕ್ಕಳನ್ನು ಅಲ್ಲಿ ಇಳಿಸಬಹುದು. ಕೆಂಪು ಬಾವುಟ ಕಂಡರೆ ಎಲ್ಲಿದ್ದರೂ ಇಳಿಯಬಾರದು.

ಇನ್ನು ಮೊಬೈಲ್. ಕರಿ ಉಸುಕಿನಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರಿನ ಕಣ ಇರುತ್ತದೆ, ಅಯಸ್ಕಾಂತ ಕಂಡರೆ ಜಿಗಿದು ಹಿಡಿಯುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಅಯಸ್ಕಾಂತ, ಇಯರ್‌ಫೋನ್ ಡಬ್ಬಿಯ ಮುಚ್ಚಳದಲ್ಲಿ ಅಯಸ್ಕಾಂತ, ಕಾಕುವಿನ ಪರ್ಸಿನ ಗುಂಡಿಯೂ ಅಯಸ್ಕಾಂತ. ಒಂದು ಸಲ ಉಸುಕಿನ ಮೇಲೆ ಇಟ್ಟು ಎತ್ತಿದರೆ ಪರ್ಸಿಗೆ ಮೀಸೆ ಬಂದಿರುತ್ತದೆ. ಊದಿದರೆ ಹೋಗದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ಪೀಕರಿನ ಜಾಳಿಗೆಯ ಒಳಗೇ ಹೋಗುತ್ತದೆ. ಒಣಗಿದ ಮೇಲೆ ಸೆಲ್ಲೋಟೇಪ್ ಒತ್ತಿ ಎತ್ತಬೇಕು. ಮೊದಲೇ ಜಿಪ್ ಕವರಿನೊಳಗೆ ಹಾಕಿದವರಿಗೆ ಈ ಕೆಲಸವಿಲ್ಲ. ಮಕ್ಕಳಿಗೆ ಒಂದು ಆಟ: ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಉಸುಕಿನಲ್ಲಿ ಆಡಿಸಿದರೆ ಕರಿ ಮುಳ್ಳುಹಂದಿ ಎದ್ದು ಬರುತ್ತದೆ. ಚೀಲದಿಂದ ಅಯಸ್ಕಾಂತ ಎಳೆದುಕೊಂಡರೆ ಎಲ್ಲಾ ಉದುರುತ್ತದೆ. ಚೀಲ ಮರೆತರೆ ಆ ಮುಳ್ಳುಹಂದಿಯನ್ನು ಊರಿನ ತನಕ ಸಾಕಬೇಕು.

ಊಟದ ಡಬ್ಬಿಯ ವಿಷಯ ಇನ್ನೂ ಸೂಕ್ಷ್ಮ. ಕಡಕ್ ರೊಟ್ಟಿ ಇಲ್ಲದೆ ನಮ್ಮವರು ಗಡಿ ದಾಟುವುದಿಲ್ಲ, ರೊಟ್ಟಿ ಇದ್ದಲ್ಲಿ ಹಿಂಡಿ, ಅಂದರೆ ಚಟ್ನಿ ಪುಡಿ. ಶೇಂಗಾ ಹಿಂಡಿಯಲ್ಲಿ ಉಸುಕು ಬಿದ್ದರೆ ಕಾಣುತ್ತದೆ. ಪುಟಾಣಿ ಹಿಂಡಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ದಂಡೆಗೆ ಹೋಗುವ ದಿನವೇ ಡಬ್ಬಿಯಿಂದ ಹೊರಬರುವುದು ಗುರೆಳ್ಳು ಹಿಂಡಿ. ಅದೇ ಕಪ್ಪು, ಅದೇ ಹರಳು, ಅದೇ ಮಿಂಚು. ಗಾಳಿ ಬೀಸಿ ಎಷ್ಟು ಬೆರೆಯಿತು ಅನ್ನುವುದು ದವಡೆಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. 'ಗುರೆಳ್ಳು ಸರಿ ಹುರಿದಿಲ್ಲ, ಕರ್ ಕರ್ ಅಂತದ' ಅಂತ ಕಾಕಾ, 'ನಿಮ್ಮ ಅಕ್ಕನೇ ಕಳಿಸ್ಯಾಳ' ಅಂತ ಕಾಕು. ರೂಮಿನಲ್ಲೇ ಹಿಂಡಿಯನ್ನು ಎಣ್ಣೆಯಲ್ಲಿ ಕಲಸಿ ರೊಟ್ಟಿಯೊಳಗೆ ಸುತ್ತಿ ಒಯ್ದರೆ ಅಕ್ಕನ ಮರ್ಯಾದೆ ಉಳಿಯುತ್ತದೆ.

ಎಣ್ಣೆ ಅಂದಾಗ ತಲೆ. ಕೊಬ್ಬರಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಕರಿ ಉಸುಕಿಗೆ ಅಂಟು ಇದ್ದಂತೆ, ಮೂರು ಸಲ ಶಾಂಪೂ ಹಾಕಿದರೂ ದಿಂಬಿನ ಮೇಲೆ ಬೆಳಿಗ್ಗೆ ಹರಳು ಸಿಗುತ್ತದೆ. ಮೈಯ ಉಸುಕನ್ನು ಒದ್ದೆ ಇದ್ದಾಗ ಉಜ್ಜಬಾರದು. ಒಣಗಲು ಬಿಟ್ಟು ಬೆವರುಸಾಲೆಯ ಪೌಡರ್ ಎರಚಿ ಕೈಯಾಡಿಸಿದರೆ ತಾನೇ ಜಾರುತ್ತದೆ, ಪೌಡರ್ ಪಸೆ ಹೀರುತ್ತದೆ ಅಷ್ಟೇ. ಹೋಟೆಲಿನ ಬಿಳಿ ಟವಲ್ ದಂಡೆಗೆ ಒಯ್ಯಬೇಡಿ. ಅದು ತಿರುಗಿ ಬಂದಾಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಂತೆ ಕಾಣುತ್ತದೆ, ಅದರ ಬಿಲ್ಲು ಲಕ್ಷದಲ್ಲಿ.

ಇಷ್ಟು ಪಡಿಪಾಟಲಿನ ನಡುವೆ ಒಂದು ಬೆಳಗನ್ನು ಪೂರ್ವ ದಂಡೆಯ ಕುಸಾಂಬಾಕ್ಕೆ ಇಡಬೇಕು. ಅಲ್ಲಿ ಉಪ್ಪು ತೆಗೆಯುವವರು ಹೆಗಲ ಮೇಲೆ ಎರಡು ಕೊಡ ಸಮುದ್ರದ ನೀರು ಹೊತ್ತು ತಂದು, ಕುಂಟೆ ಎಳೆದ ಹೊಲದಂತೆ ಹದ ಮಾಡಿದ ಕರಿ ಉಸುಕಿನ ಮೇಲೆ ಬೀಸಿ ಚಿಮುಕಿಸುತ್ತಾರೆ. ನೀರು ಬೀಸಣಿಗೆಯಂತೆ ಹರಡಿ ಬೀಳುತ್ತದೆ. ನಮ್ಮ ಕಾಲು ಸುಟ್ಟ ಅದೇ ಬಿಸಿ ಇಲ್ಲಿ ಕೂಲಿ ಇಲ್ಲದ ಆಳು. ಒಣಗಿದ ಉಪ್ಪುಸುಕನ್ನು ಕೆರೆದು, ಮರದ ತೊಟ್ಟಿಗೆ ತುಂಬಿ, ಮೇಲೆ ಮತ್ತೆ ಸಮುದ್ರದ ನೀರು ಹೊಯ್ದರೆ ಕೆಳಗೆ ಗಟ್ಟಿ ಉಪ್ಪುನೀರು ಸೋರುತ್ತದೆ. ಅದನ್ನು ಉದ್ದಕ್ಕೆ ಸೀಳಿ ತೋಡಿದ ತೆಂಗಿನ ಬೊಡ್ಡೆಗಳಲ್ಲಿ ಬಿಸಿಲಿಗಿಡುತ್ತಾರೆ. ಅಷ್ಟು ಕಪ್ಪಿನಿಂದ ಅಷ್ಟು ಬಿಳುಪು ಬರುತ್ತದೆ. ಕೊಳ್ಳುವುದಿದ್ದರೆ ಈ ಉಪ್ಪು ಕೊಳ್ಳಿ. ಉಸುಕನ್ನೇ ಬಾಟ್ಲಿಯಲ್ಲಿ ತುಂಬಿಕೊಳ್ಳುವ ಆಸೆ ಬೇಡ: ಒಂದು ಲೀಟರ್ ಬಾಟ್ಲಿ ಎರಡು ಕಿಲೋದ ಹತ್ತಿರ ತೂಗುತ್ತದೆ, ಕೈಚೀಲಕ್ಕೆ ಮಿತಿ ಬಹಳ ಕಡೆ ಏಳೇ ಕಿಲೋ. ಅಮೆರಿಕದ ಹವಾಯಿ ದ್ವೀಪಗಳಲ್ಲಂತೂ ದಂಡೆಯ ಉಸುಕು ಒಯ್ಯುವುದಕ್ಕೆ ಕಾನೂನೇ ಅಡ್ಡ. ಅಲ್ಲಿಂದ ಕಲ್ಲು ಒಯ್ದವರು ಪೆಲೆ ಅನ್ನುವ ಜ್ವಾಲಾಮುಖಿ ದೇವಿಯ ಕಾಟಕ್ಕೆ ಹೆದರಿ ಪೋಸ್ಟಿನಲ್ಲಿ ತಿರುಗಿ ಕಳಿಸುವುದೂ ಉಂಟು.

ಕೊನೆಗೆ ಫೋಟೋ. ಕರಿ ಹಿನ್ನೆಲೆ ಕಂಡರೆ ಮೊಬೈಲ್ ಕ್ಯಾಮರಾ ಕತ್ತಲೆ ಅಂತ ತಿಳಿದು ತಾನೇ ಬೆಳಕು ಏರಿಸುತ್ತದೆ. ಉಸುಕು ಬೂದಿಯಾಗಿ, ಮುಖ ಸುಣ್ಣ ಬಳಿದಂತೆ ಬರುತ್ತದೆ. ಮುಖದ ಮೇಲೆ ಬೆರಳಿಟ್ಟು, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಬೇಕು. ಬಟ್ಟೆ ಹಳದಿ, ಕೆಂಪು ಇರಲಿ, ಕರಿ ಚಂದ್ರಕಾಳಿ ಸೀರೆ ಉಟ್ಟರೆ ಮುಖ ಮತ್ತು ಬಳೆ ಮಾತ್ರ ಬರುತ್ತವೆ. ಸಮುದ್ರ ಚೌಕಟ್ಟಿನಲ್ಲಿ ಬಿದ್ದಿದೆಯೇ ಅಂತ ಎರಡು ಸಲ ನೋಡಿ. ಅದು ಬೀಳದೆ, ಕಾಕಾ ಕಾಕು ಕರಿ ಬಯಲಿನಲ್ಲಿ ನಿಂತ ಚಿತ್ರ ಮನೆಯ ವಾಟ್ಸಾಪ್ ಗುಂಪಿಗೆ ಹೋದರೆ, ಅರ್ಧ ನಿಮಿಷದಲ್ಲಿ ಅಫಜಲಪುರದ ಮಾಮಾನ ಉತ್ತರ ಬರುತ್ತದೆ: 'ಹೊಲ ಭಾರೀ ಹದಕ್ಕ ಬಂದದ. ಕೂರಿಗಿ ಯಾವಾಗ ಹೂಡ್ತೀರಿ?'